ಗುಂಪಿಗೆ ಸೇರದ ಪದ

ಪ್ರಾಥಮಿಕ ಶಾಲೆಯ ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತಿತ್ತು, ಈಗಲೂ ಬರುತ್ತದೆ: ‘ಗುಂಪಿಗೆ ಸೇರದ ಪದವನ್ನು ಆರಿಸಿ ಬರೆಯಿರಿ.’ ಮಾವು, ಹಲಸು, ಸೀಬೆ, ಬೆಂಡೆ. ಬೆಂಡೆ ಎಂದು ಬರೆದರೆ ಒಂದು ಅಂಕ. ಇಲ್ಲಿರುವ ಎಲ್ಲರೂ ಆ ಒಂದು ಅಂಕವನ್ನು ಯಾವಾಗಲೋ ಪಡೆದವರೇ.

ನಾಲ್ಕನೇ ತರಗತಿಯ ಪರೀಕ್ಷೆಯಲ್ಲಿ ನಾನು ಆ ಪ್ರಶ್ನೆಯ ಮುಂದೆ ಬಹಳ ಹೊತ್ತು ಕುಳಿತುಬಿಟ್ಟೆ. ಉತ್ತರ ಗೊತ್ತಿರಲಿಲ್ಲವೆಂದಲ್ಲ. ಬೆಂಡೆಯದು ಏನು ತಪ್ಪು ಎಂಬ ಯೋಚನೆ ಹತ್ತಿಕೊಂಡಿತು. ಅದೇ ಸಾಲಿನಲ್ಲಿ ಹೀರೆ, ಬದನೆ, ಬೆಂಡೆ ಇದ್ದು ನಡುವೆ ಒಂದು ಮಾವು ಬಂದಿದ್ದರೆ ಹೊರಗೆ ನಿಲ್ಲಬೇಕಾದದ್ದು ಮಾವು. ಅಂದರೆ ಪ್ರಶ್ನೆ ಬರೆದವರು ಯಾವ ಮೂರನ್ನು ಜೊತೆಗೆ ಕೂರಿಸಿದರು ಎಂಬುದರ ಮೇಲೆ ನಾಲ್ಕನೆಯದರ ಹಣೆಬರಹ ನಿಂತಿದೆ. ಇದನ್ನು ಯೋಚಿಸುವಷ್ಟರಲ್ಲಿ ಗಂಟೆ ಹೊಡೆಯಿತು. ಮುಂದಿನ ಎರಡು ಪುಟಗಳ ಉತ್ತರ ಬರೆಯದೆ ಉಳಿಯಿತು. ಅಂಕಪಟ್ಟಿಯಲ್ಲಿ ‘ನಿಧಾನ’ ಎಂಬ ಷರಾ ಬಿತ್ತು. ಮನೆಯಲ್ಲಿ ಅದನ್ನು ಓದಿದ ರೀತಿ ನೋಡಿದರೆ ಅದೊಂದು ಕಾಯಿಲೆಯ ಹೆಸರೇನೋ ಎನ್ನಿಸುವಂತಿತ್ತು.

ಇವತ್ತು ನನಗೆ ಮಾತಾಡಲು ಕೊಟ್ಟಿರುವ ವಿಷಯ, ಎಲ್ಲರ ಜೊತೆ ಬೆರೆಯಲಾರದೆ, ಎಲ್ಲರ ವೇಗಕ್ಕೆ ಹೆಜ್ಜೆ ಹಾಕಲಾರದೆ ಬದುಕುವವರ ಬಗ್ಗೆ. ನಾನು ಮೂವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸ ಮಾಡಿದೆ. ಮನಶ್ಶಾಸ್ತ್ರ ಓದಿದವರಂತೆ ಮಾತಾಡಲು ನನಗೆ ಬರುವುದಿಲ್ಲ. ನೋಡಿದ್ದು, ಓದಿದ್ದು, ಬಾಳಿದ್ದು ಇಷ್ಟನ್ನು ಹೇಳುತ್ತೇನೆ.

ಕರಡು ತಿದ್ದುವ ಕೆಲಸಕ್ಕೆ ಬರುವ ಮೊದಲು ಎರಡು ವರ್ಷ ನಾನು ಬೆಂಗಳೂರಿನ ಒಂದು ಮಾರಾಟ ಕಚೇರಿಯಲ್ಲಿದ್ದೆ. ಅಲ್ಲಿ ಎಲ್ಲರಂತಿರುವುದನ್ನು ಕಲಿತೆ. ಎಲ್ಲರೂ ನಕ್ಕಾಗ ನಗುವುದು, ಊಟದ ಹೊತ್ತಿನಲ್ಲಿ ಎಲ್ಲರ ಮೇಜಿಗೇ ಡಬ್ಬಿ ಒಯ್ಯುವುದು, ಕೇಳಿದ ಪ್ರಶ್ನೆಗೆ ಥಟ್ಟನೆ ಉತ್ತರಿಸುವುದು. ಚೆನ್ನಾಗಿಯೇ ಕಲಿತೆ. ಯಾರಿಗೂ ಅನುಮಾನ ಬರಲಿಲ್ಲ. ಸಂಜೆ ಕೋಣೆಗೆ ಬಂದು ದೀಪ ಹಾಕದೆ ಒಂದು ಗಂಟೆ ಕತ್ತಲಲ್ಲಿ ಕೂರುತ್ತಿದ್ದೆ. ಹಗಲೆಲ್ಲ ಬೇರೆಯವರ ಅಳತೆಯ ಚಪ್ಪಲಿ ಹಾಕಿಕೊಂಡು ನಡೆದವರ ಕಾಲು ಹೇಗಿರುತ್ತದೋ ಹಾಗಿರುತ್ತಿತ್ತು ಮನಸ್ಸು. ನಿಮ್ಮಲ್ಲಿ ಕೆಲವರಿಗೆ ಆ ಕತ್ತಲ ಒಂದು ಗಂಟೆ ಗೊತ್ತು ಎಂದು ನಿಮ್ಮ ಮುಖ ನೋಡಿದರೆ ನನಗೆ ತಿಳಿಯುತ್ತದೆ.

ಆಮೇಲೆ ಊರಿಗೆ ಮರಳಿದೆ, ಅಚ್ಚುಕೂಟ ಸೇರಿದೆ. ಅಲ್ಲಿ ಮೊದಲ ವಾರ ನಡೆದ ಒಂದು ಘಟನೆ ಹೇಳಲೇಬೇಕು. ಮದುವೆಯ ಕರೆಯೋಲೆಯೊಂದು ಅಚ್ಚಿಗೆ ಹೋಗಲು ಸಿದ್ಧವಾಗಿತ್ತು. ಮನೆಯವರು ನೋಡಿ ಒಪ್ಪಿದ್ದರು, ಜೋಡಿಸಿದವರು ನೋಡಿದ್ದರು, ಮಾಲೀಕರೂ ನೋಡಿದ್ದರು. ನಾನು ಸ್ಕೇಲನ್ನು ಸಾಲಿನ ಕೆಳಗಿಟ್ಟು ಒಂದೊಂದೇ ಅಕ್ಷರ ಓದುತ್ತ ಬಂದೆ. ಕೊನೆಯ ಸಾಲಿನಲ್ಲಿ ‘ವಧು ವರರನ್ನು ಆಶೀರ್ವದಿಸಬೇಕಾಗಿ’ ಎಂದಿರಬೇಕಾದ ಕಡೆ ಧಕಾರದ ಕೊಂಬು ಬಿಟ್ಟುಹೋಗಿತ್ತು. ‘ವಧ ವರರನ್ನು.’ ಒಂದು ಕೊಂಬು ಹೋದರೆ ಮದುಮಗಳು ಹೋಗಿ ಕೊಲೆ ಉಳಿಯುತ್ತದೆ! ಇಷ್ಟು ಜನರ ಕಣ್ಣು ಅದನ್ನು ದಾಟಿ ಬಂದಿತ್ತು. ಅವರದೇನೂ ತಪ್ಪಲ್ಲ. ಬೇಗ ಓದುವ ಕಣ್ಣು ಅಕ್ಷರವನ್ನು ಓದುವುದಿಲ್ಲ, ಪದವನ್ನು ಊಹಿಸುತ್ತದೆ. ಕರೆಯೋಲೆಯಲ್ಲಿ ಇರಬೇಕಾದದ್ದು ವಧು, ಹಾಗಾಗಿ ಅದಕ್ಕೆ ವಧುವೇ ಕಾಣುತ್ತದೆ. ನಿಧಾನವಾಗಿ ಓದುವವರಿಗೆ ಮಾತ್ರ ಕಾಗದದ ಮೇಲೆ ನಿಜವಾಗಿ ಏನಿದೆಯೋ ಅದು ಕಾಣುತ್ತದೆ.

ಅಂಕಪಟ್ಟಿಯ ಷರಾ ಅವತ್ತು ನನ್ನ ಕಸುಬಾಯಿತು. ನಾನು ಬದಲಾಗಿರಲಿಲ್ಲ, ನಾಲ್ಕನೇ ತರಗತಿಯಲ್ಲಿ ಹೇಗಿದ್ದೆನೋ ಹಾಗೆಯೇ ಇದ್ದೆ. ಸಾಲು ಬದಲಾಗಿತ್ತು, ಅಷ್ಟೆ.

ಈಗ ‘ಎಲ್ಲರ ವೇಗ’ ಎನ್ನುವ ಮಾತಿಗೆ ಬರೋಣ. ಇಪ್ಪತ್ತೆರಡಕ್ಕೆ ಪದವಿ, ಇಪ್ಪತ್ತನಾಲ್ಕಕ್ಕೆ ಕೆಲಸ, ಇಪ್ಪತ್ತೆಂಟರೊಳಗೆ ಮದುವೆ, ಮೂವತ್ತೈದಕ್ಕೆ ಸೈಟು. ಈ ಗಡಿಯಾರ ಯಾರ ಗೋಡೆಯ ಮೇಲೂ ಇಲ್ಲ, ಎಲ್ಲರ ಬಾಯಲ್ಲೂ ಇದೆ. ಇದು ಸೂರ್ಯನಷ್ಟೇ ಸಹಜವೆಂದು ನಾವು ನಂಬಿದ್ದೇವೆ. ಆದರೆ ನಮ್ಮ ಕೈಗಡಿಯಾರದ ಸಮಯ ಕೂಡ ಸೂರ್ಯ ಕೊಟ್ಟದ್ದಲ್ಲ. ಭಾರತೀಯ ಕಾಲಮಾನ ಜಾರಿಗೆ ಬಂದದ್ದು 1906ರ ಜನವರಿ 1ರಂದು. ಅದಕ್ಕೆ ಮುಂಚೆ ಮುಂಬಯಿಗೆ ಮುಂಬಯಿಯ ಸಮಯ, ಕಲ್ಕತ್ತೆಗೆ ಕಲ್ಕತ್ತೆಯ ಸಮಯ. ರೈಲು ಮಾತ್ರ ಮದ್ರಾಸಿನ ಸಮಯದಂತೆ ಓಡುತ್ತಿತ್ತು. ಎಲ್ಲ ಕಡೆಗೂ ಒಂದೇ ಸಮಯವೆಂದು ಸರ್ಕಾರ ಹೇಳಿದಾಗ ಮುಂಬಯಿಯ ಜನ ಒಪ್ಪಲಿಲ್ಲ. ಮುಂಬಯಿ ಸಮಯ ಹೊಸ ಸಮಯಕ್ಕಿಂತ 39 ನಿಮಿಷ ಹಿಂದೆ. ಆ ನಗರದ ಹಲವು ಗಡಿಯಾರಗಳು 1955ರವರೆಗೂ ಆ 39 ನಿಮಿಷವನ್ನು ಬಿಟ್ಟುಕೊಡಲಿಲ್ಲ. ಸುಮಾರು ಐವತ್ತು ವರ್ಷ ಒಂದೇ ಊರಿನಲ್ಲಿ ಎರಡು ಸಮಯ ನಡೆದವು.

ಈ ಸಂಗತಿ ನನಗೆ ಬಹಳ ಇಷ್ಟ. ರೈಲು ಹಿಡಿಯಬೇಕಾದರೆ ರೈಲಿನ ಸಮಯಕ್ಕೆ ಹೋಗಲೇಬೇಕು. ನಿಲ್ದಾಣದಲ್ಲಿ ನಿಂತು ‘ನನ್ನ ಗಡಿಯಾರದಲ್ಲಿ ಇನ್ನೂ 39 ನಿಮಿಷ ಇದೆ’ ಎಂದರೆ ರೈಲು ನಿಲ್ಲುವುದಿಲ್ಲ. ಆದರೆ ರೈಲಿನಿಂದ ಇಳಿದ ಮೇಲೂ ರೈಲಿನ ಸಮಯದಲ್ಲೇ ಉಣ್ಣಬೇಕು, ಮಲಗಬೇಕು, ಮದುವೆಯಾಗಬೇಕು ಎಂದು ಯಾರು ಹೇಳಿದರು? ಕೆಲಸಕ್ಕೆ ಹೋಗುವುದು, ಬಾಡಿಗೆ ಕಟ್ಟುವುದು, ಕೊಟ್ಟ ಮಾತಿಗೆ ತಕ್ಕ ಹೊತ್ತಿಗೆ ತಲುಪುವುದು, ಇವೆಲ್ಲ ರೈಲಿನ ಸಮಯ. ಇದರಲ್ಲಿ ನಾವು ತಪ್ಪಿದರೆ ಕಾಯುವವರು ಬೇರೆಯವರು, ಆದ್ದರಿಂದ ತಪ್ಪಬಾರದು. ಉಳಿದದ್ದನ್ನು ನಮ್ಮ ಸಮಯದಲ್ಲಿ ಇಟ್ಟುಕೊಳ್ಳುವ ಹಕ್ಕು ನಮಗಿದೆ.

ರೈಲಿನ ಮಾತು ಬಂದಿತಲ್ಲ, ರೈಲು ನಿಲ್ದಾಣವೊಂದರ ಹೆಸರನ್ನು ಅಂಕಿಗಳಿಗೆ ಇಟ್ಟ ಒಬ್ಬರ ಬಗ್ಗೆ ಹೇಳುತ್ತೇನೆ. ಇಂದು ನಾನು ಮುಖ್ಯವಾಗಿ ನೆನೆಯಬೇಕೆಂದು ಬಂದದ್ದು ಅವರನ್ನೇ.

ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್. ಮುಂಬಯಿಯ ಉತ್ತರಕ್ಕಿರುವ ಡಹಾಣುವಿನಲ್ಲಿ 1905ರಲ್ಲಿ ಹುಟ್ಟಿದವರು. ಎಂಟು ವರ್ಷಕ್ಕೆ ತಾಯಿ ಹೋದರು. ತಂದೆ ಗುಮಾಸ್ತರು, ಜ್ಯೋತಿಷ್ಯದ ಲೆಕ್ಕದಲ್ಲಿ ಆಸಕ್ತರು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ 1929ರಲ್ಲಿ ಪದವಿ ಪಡೆದರು. ಅದಕ್ಕಿಂತ ಮುಂದೆ ಓದಲಿಲ್ಲ. ನಾಸಿಕ್ ಪಕ್ಕದ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿ 1930ರಲ್ಲಿ ಸೇರಿ 1962ರಲ್ಲಿ ನಿವೃತ್ತರಾದರು. ಹೊರಗಿನ ಕಥೆ ಇಷ್ಟೇ.

ಒಳಗಿನ ಕಥೆಯೆಂದರೆ ಅಂಕಿಗಳು. ಮುಂಬಯಿಯ ಹತ್ತಿರ ಡೊಂಬಿವಲಿ ಎಂಬ ನಿಲ್ದಾಣವಿದೆ, ಅದಕ್ಕೆ ಆಗ ಡೆಮ್ಲೊ ಎನ್ನುತ್ತಿದ್ದರು. ಅಲ್ಲಿ ಅವರಿಗೆ 165, 1665, 16665 ಇಂಥ ಸಂಖ್ಯೆಗಳು ಹೊಳೆದವು. ಮೊದಲ ಅಂಕಿಗೆ ಕೊನೆಯದನ್ನು ಕೂಡಿದರೆ ನಡುವಿನ ಅಂಕಿ, ಒಂದಕ್ಕೆ ಐದು ಕೂಡಿದರೆ ಆರು. ಅವುಗಳಿಗೆ ಡೆಮ್ಲೊ ಸಂಖ್ಯೆಗಳೆಂದೇ ಹೆಸರಿಟ್ಟರು. ಇನ್ನೊಂದು ಬಗೆಯ ಸಂಖ್ಯೆಗಳಿಗೆ ತಮ್ಮ ಊರಿನ ಹೆಸರು ಕೊಟ್ಟು ದೇವಳಾಲಿ ಸಂಖ್ಯೆಗಳೆಂದು ಕರೆದರು. ಮಗುವಿಗೆ ಊರ ದೇವರ ಹೆಸರಿಡುವಂತೆ, ತಾವು ನಿಂತ ನೆಲದ ಹೆಸರನ್ನು ಅಂಕಿಗಳಿಗಿಟ್ಟರು.

ಅವರ ಅತ್ಯಂತ ಪ್ರಸಿದ್ಧ ಲೆಕ್ಕವನ್ನು ಈಗಲೇ ಮಾಡೋಣ. ಪೆನ್ನು ಇದ್ದವರು ತೆಗೆಯಿರಿ, ಮೊಬೈಲ್ ಬೇಡ. ನಾಲ್ಕು ಅಂಕಿಯ ಒಂದು ಸಂಖ್ಯೆ ತೆಗೆದುಕೊಳ್ಳಿ, ನಾಲ್ಕೂ ಅಂಕಿ ಒಂದೇ ಆಗಿರಬಾರದು. 1949 ಎಂದುಕೊಳ್ಳೋಣ, ಅವರು ಇದನ್ನು ಮದ್ರಾಸಿನ ಗಣಿತ ಸಮ್ಮೇಳನದಲ್ಲಿ ಮಂಡಿಸಿದ ವರ್ಷ. ಅದರ ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದರೆ 9941. ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದರೆ 1499. ಕಳೆಯಿರಿ, 8442. ಇದಕ್ಕೂ ಹಾಗೆಯೇ ಮಾಡಿ: 8442ರಲ್ಲಿ 2448 ಕಳೆದರೆ 5994. ಮತ್ತೆ 9954ರಲ್ಲಿ 4599 ಕಳೆದರೆ 5355. 5553ರಲ್ಲಿ 3555 ಹೋದರೆ 1998. 9981ರಲ್ಲಿ 1899 ಹೋದರೆ 8082. 8820ರಲ್ಲಿ 0288 ಹೋದರೆ 8532. 8532ರಲ್ಲಿ 2358 ಹೋದರೆ 6174. ಇನ್ನೊಮ್ಮೆ ಮಾಡಿ: 7641ರಲ್ಲಿ 1467 ಹೋದರೆ 6174. ಅಲ್ಲಿಗೆ ನಿಂತಿತು. ಎಷ್ಟು ಸಲ ಮಾಡಿದರೂ ಅದು ಅಲ್ಲಿಂದ ಕದಲುವುದಿಲ್ಲ. ಯಾವ ಸಂಖ್ಯೆಯಿಂದ ಹೊರಟರೂ ಹೆಚ್ಚೆಂದರೆ ಏಳು ಹೆಜ್ಜೆಯಲ್ಲಿ 6174ಕ್ಕೆ ಬಂದು ನಿಲ್ಲುತ್ತದೆ. 6200 ಒಂದೇ ಹೆಜ್ಜೆಗೆ ಬರುತ್ತದೆ. 3524 ಮೂರು ಹೆಜ್ಜೆಗೆ. ನಮ್ಮ 1949 ಏಳೂ ಹೆಜ್ಜೆ ನಡೆಯಿತು.

ಇಲ್ಲಿ ಒಂದು ನೀತಿ ಹೇಳಿಬಿಡಬಹುದು, ನಿಧಾನ ನಡೆದರೂ ಎಲ್ಲರೂ ಒಂದೇ ಕಡೆ ಮುಟ್ಟುತ್ತಾರೆ ಎಂದು. ನಾನು ಹೇಳುವುದಿಲ್ಲ, ಏಕೆಂದರೆ ಅದು ಬದುಕಿನಲ್ಲಿ ನಿಜವಲ್ಲ. ಎಲ್ಲರೂ ಮುಟ್ಟುವುದಿಲ್ಲ, ಮುಟ್ಟಿದವರೂ ಬೇರೆ ಬೇರೆ ಕಡೆ ಮುಟ್ಟುತ್ತಾರೆ. ನಾನು ನಿಮಗೆ ತೋರಿಸಬೇಕೆಂದಿರುವುದು ಆ ಮನುಷ್ಯ ಕುಳಿತಿದ್ದ ಭಂಗಿಯನ್ನು. ನಾವು ಈಗ ಒಂದು ಸಂಖ್ಯೆಗೆ ಎಂಟು ಸಲ ಕಳೆದೆವು, ನಿಮ್ಮಲ್ಲಿ ಕೆಲವರು ಆಗಲೇ ಬೇಸತ್ತಿರಿ. ಅವರು ಗಣಕಯಂತ್ರವಿಲ್ಲದ ಕಾಲದಲ್ಲಿ, ಶಾಲೆ ಮುಗಿದ ಮೇಲೆ, ಕಾಗದ ಪೆನ್ಸಿಲ್ ಹಿಡಿದು ಇದನ್ನು ವರ್ಷಗಟ್ಟಲೆ ಮಾಡಿದರು. ಕುಡುಕನಿಗೆ ಆ ಅಮಲಿನಲ್ಲೇ ಇರಬೇಕೆನಿಸುವಂತೆ ತನಗೆ ಅಂಕಿಗಳ ವಿಷಯದಲ್ಲಿ ಅನ್ನಿಸುತ್ತದೆ ಎಂದು ಅವರೇ ಹೇಳಿಕೊಂಡಿದ್ದರು.

ವಿಶ್ವವಿದ್ಯಾಲಯದ ಗಣಿತಜ್ಞರಲ್ಲಿ ಹಲವರಿಗೆ ಇದು ಗಣಿತವೆಂದೇ ಅನ್ನಿಸಲಿಲ್ಲ, ಮಕ್ಕಳಾಟ ಎಂದು ನಕ್ಕರು. ಕಾಪ್ರೇಕರರ ಬರಹಗಳು ದೊಡ್ಡ ಪತ್ರಿಕೆಗಳಲ್ಲಿ ಬರಲಿಲ್ಲ, ಕೆಲವನ್ನು ತಾವೇ ಅಚ್ಚು ಹಾಕಿಸಿದರು. 1966ರಲ್ಲಿ ಹೆಂಡತಿ ತೀರಿಕೊಂಡರು. ಪಿಂಚಣಿ ಸಾಲದೆ ಮನೆಪಾಠ ಹೇಳಿದರು. 1975ರ ಮಾರ್ಚ್‌ನಲ್ಲಿ ಮಾರ್ಟಿನ್ ಗಾರ್ಡ್ನರ್ ಎಂಬ ಅಮೆರಿಕದ ಲೇಖಕರು ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯ ತಮ್ಮ ಅಂಕಣದಲ್ಲಿ ಇವರ ಬಗ್ಗೆ ಬರೆದರು, ಆಮೇಲೆ ಜಗತ್ತಿಗೆ ಹೆಸರು ತಿಳಿಯಿತು. ಆಗ ಅವರಿಗೆ ಎಪ್ಪತ್ತು. 1986ರಲ್ಲಿ ತೀರಿಕೊಂಡರು.

ಸಾಮಾನ್ಯವಾಗಿ ಈ ಕಥೆ ಹೇಳುವವರು 1975ಕ್ಕೆ ಬಂದಾಗ ದನಿ ಏರಿಸುತ್ತಾರೆ, ಕೊನೆಗೂ ಗೆದ್ದರು ಎಂದು. ನನಗೆ ಆ ದನಿ ಒಗ್ಗುವುದಿಲ್ಲ. ಗಾರ್ಡ್ನರ್ ಬರೆಯದೇ ಇದ್ದಿದ್ದರೆ? ಆ ಹಿಂದಿನ ನಲವತ್ತೈದು ವರ್ಷ ವ್ಯರ್ಥವಾಗಿಬಿಡುತ್ತಿತ್ತೇ? ಡೊಂಬಿವಲಿಯಲ್ಲಿ 1665 ಹೊಳೆದ ಆ ಗಳಿಗೆಯ ಸುಖಕ್ಕೆ ಅಮೆರಿಕದ ರುಜು ಬೇಕಿತ್ತೇ? ಗುಂಪಿಗೆ ಸೇರದವರನ್ನು ನಾವು ಕ್ಷಮಿಸುವುದು ಅವರು ಪ್ರಸಿದ್ಧರಾದ ಮೇಲೆ ಮಾತ್ರ. ‘ನೋಡಿ, ವಿಚಿತ್ರವಾಗಿದ್ದರೂ ಎಷ್ಟು ಸಾಧನೆ ಮಾಡಿದರು’ ಎನ್ನುತ್ತೇವೆ. ಸಾಧನೆ ಮಾಡದವನು ಬರೀ ವಿಚಿತ್ರವಾಗಿಯೇ ಉಳಿಯುತ್ತಾನೆ. ಇದು ನ್ಯಾಯವಲ್ಲ. ನಿಧಾನವಾಗಿರುವುದಕ್ಕೆ ಯಾರೂ ಪದಕ ತಂದು ಒಪ್ಪಿಸಬೇಕಾಗಿಲ್ಲ.

ಹೆಣ್ಣುಮಕ್ಕಳ ಪಾಲಿಗೆ ಇದು ಇನ್ನೂ ಕಷ್ಟ. ಬಾರ್ಬರಾ ಮೆಕ್ಲಿಂಟಾಕ್ ಹೆಸರನ್ನು ಜೀವಶಾಸ್ತ್ರ ಓದಿದವರು ಕೇಳಿರುತ್ತೀರಿ. 1902ರಲ್ಲಿ ಅಮೆರಿಕದಲ್ಲಿ ಹುಟ್ಟಿದವರು. ಹೆಚ್ಚು ಓದಿದರೆ ಮಗಳಿಗೆ ಗಂಡು ಸಿಗುವುದಿಲ್ಲ ಎಂದು ತಾಯಿ ಕಾಲೇಜಿಗೆ ಕಳುಹಿಸಲು ಹಿಂಜರಿದರಂತೆ. ನಮ್ಮ ತಾಲ್ಲೂಕಿನ ಮಾತಿನಂತೆಯೇ ಇದೆ, ಅಲ್ಲವೇ? ಬಾರ್ಬರಾ ಮದುವೆಯಾಗಲಿಲ್ಲ. ಮುಸುಕಿನ ಜೋಳ ಬೆಳೆದು, ಒಂದೊಂದು ತೆನೆಯ ಕಾಳುಗಳ ಬಣ್ಣದ ಚುಕ್ಕೆಗಳನ್ನು ನೋಡುತ್ತ ಕುಳಿತರು. ಜೋಳ ಅವಸರ ಮಾಡುವ ಗಿಡವಲ್ಲ. ಬಿತ್ತಿ, ಪರಾಗ ಹಾಕಿ, ತೆನೆ ಬಲಿಯುವವರೆಗೆ ಕಾಯಬೇಕು, ಉತ್ತರ ಮುಂದಿನ ಬೆಳೆಯಲ್ಲಿ. ವಂಶವಾಹಿಗಳು ತಮ್ಮ ಜಾಗ ಬಿಟ್ಟು ಬೇರೆ ಕಡೆಗೆ ಹೋಗಬಲ್ಲವು ಎಂದು 1951ರಲ್ಲಿ ವಿಜ್ಞಾನಿಗಳ ಸಭೆಯಲ್ಲಿ ಹೇಳಿದಾಗ ಬಹುಪಾಲು ಜನ ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ. ಕೆಲವು ವರ್ಷಗಳಲ್ಲಿ ಬಾರ್ಬರಾ ಆ ಬಗ್ಗೆ ಪ್ರಕಟಿಸುವುದನ್ನೇ ನಿಲ್ಲಿಸಿದರು. ಜೋಳ ಬೆಳೆಯುವುದನ್ನು ನಿಲ್ಲಿಸಲಿಲ್ಲ. 1983ರಲ್ಲಿ ನೊಬೆಲ್ ಬಂದಾಗ ಎಂಬತ್ತೊಂದು ವರ್ಷ. ಇಲ್ಲಿಯೂ ನನಗೆ ಮುಖ್ಯವೆನಿಸುವುದು ನಡುವಿನ ಆ ಮೂವತ್ತು ಬೆಳೆ.

ಇಷ್ಟು ಹೇಳಿದ ಮೇಲೆ ಇದರ ಬೆಲೆಯನ್ನೂ ಹೇಳದಿದ್ದರೆ ನಿಮಗೆ ಮೋಸ ಮಾಡಿದಂತೆ. ಹಣ ಕಡಿಮೆ ಬರುತ್ತದೆ. ಬಡ್ತಿ ತಡವಾಗುತ್ತದೆ. ಹಬ್ಬದ ದಿನ ಬಾಗಿಲು ತಟ್ಟುವವರು ಕಡಿಮೆ. ಜ್ವರ ಬಂದ ರಾತ್ರಿ ನೀರು ಕೊಡುವವರು ಯಾರು ಎಂಬ ಪ್ರಶ್ನೆ ಬರುತ್ತದೆ, ಅದು ಸಣ್ಣ ಪ್ರಶ್ನೆಯಲ್ಲ. ಅದಕ್ಕಾಗಿಯೇ ಒಬ್ಬರನ್ನೋ ಇಬ್ಬರನ್ನೋ ಗಟ್ಟಿಯಾಗಿ ಹಿಡಿದುಕೊಳ್ಳಿ ಎನ್ನುತ್ತೇನೆ. ಇಪ್ಪತ್ತು ಗೆಳೆಯರು ಬೇಕಿಲ್ಲ. ನೀವು ಮಾತಾಡದೆ ಕುಳಿತಿದ್ದರೂ ‘ಏನಾಯಿತು’ ಎಂದು ಕೇಳದ ಒಬ್ಬರು ಸಾಕು. ನಾನು ಹತ್ತಿರದವರಿಗೆ ಮೊದಲೇ ಹೇಳಿಬಿಡುತ್ತೇನೆ: ಮುಹೂರ್ತಕ್ಕೆ ಬರುತ್ತೇನೆ, ಅಕ್ಷತೆ ಹಾಕುತ್ತೇನೆ, ಊಟಕ್ಕೆ ನಿಲ್ಲುವುದಿಲ್ಲ. ಮೊದಲ ಎರಡು ವರ್ಷ ಬೇಸರ ಮಾಡಿಕೊಂಡರು. ಈಗ ನಾನು ಹೊರಡುವಾಗ ಬಾಳೆಎಲೆಯಲ್ಲಿ ಹೋಳಿಗೆ ಕಟ್ಟಿ ಕೈಗಿಡುತ್ತಾರೆ. ಹೇಳದೆ ತಪ್ಪಿಸಿಕೊಂಡಿದ್ದರೆ ಆ ಹೋಳಿಗೆ ಸಿಗುತ್ತಿರಲಿಲ್ಲ.

ಗುಂಪನ್ನು ತಿರಸ್ಕಾರದಿಂದ ನೋಡುವುದನ್ನು ಮಾತ್ರ ಕಲಿಯಬೇಡಿ. ಮದುವೆಮನೆಯಲ್ಲಿ ಗಟ್ಟಿಯಾಗಿ ನಗುವ ಚಿಕ್ಕಮ್ಮ ಇರುವುದರಿಂದಲೇ ಮದುವೆಮನೆ ನಡೆಯುತ್ತದೆ. ಹಲಸು ಕೂಡ ತನ್ನ ಪಾಡಿಗೆ ಹಲಸಾಗಿಯೇ ಇದೆ.

ಇನ್ನೊಂದು ಮಾತು, ಇದನ್ನು ಅವಸರದಲ್ಲಿ ದಾಟಲಾರೆ. ಒಂಟಿಯಾಗಿರುವುದು ನಿಮಗೆ ನೆಮ್ಮದಿ ಕೊಡುತ್ತಿದ್ದರೆ ಅದು ನಿಮ್ಮ ಸ್ವಭಾವ. ಒಂಟಿತನ ನಿಮ್ಮ ನಿದ್ದೆ ತಿನ್ನುತ್ತಿದ್ದರೆ, ಊಟ ಬೇಡವಾಗುತ್ತಿದ್ದರೆ, ಬದುಕೇ ಬೇಡ ಎನ್ನಿಸುತ್ತಿದ್ದರೆ ಅದು ಸ್ವಭಾವವಲ್ಲ, ನೋವು. ನೋವಿಗೆ ಆರೈಕೆ ಬೇಕು. 14416 ಎಂಬ ಸಂಖ್ಯೆ ಬರೆದುಕೊಳ್ಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಆ ನೋವನ್ನು ಸಹಿಸಿಕೊಂಡು ಕೂರುವುದು ‘ತನ್ನ ವೇಗ’ ಅಲ್ಲ.

ಕೊನೆಯದಾಗಿ ನನ್ನ ಸೋದರಮಾವನ ವಿಷಯ. ಅವರ ಬಗ್ಗೆ ಯಾವ ಪತ್ರಿಕೆಯೂ ಬರೆದಿಲ್ಲ. ತೀರ್ಥಹಳ್ಳಿಯ ಕಡೆ ಅಡಿಕೆ ತೋಟ, ದೊಡ್ಡ ಮನೆ, ಒಬ್ಬರೇ. ನೆಂಟರ ಮನೆಗೆ ಹೋಗುತ್ತಿರಲಿಲ್ಲ. ‘ಆತ ಒಂಥರಾ’ ಎಂದೇ ಎಲ್ಲರೂ ಹೇಳುವುದು. ಅಂಗಳದ ಆಚೆ ಒಂದು ಮಳೆ ಮಾಪಕ ಇಟ್ಟಿದ್ದರು. ಮಲೆನಾಡಿನ ತೋಟದವರಿಗೆ ಇದು ಹೊಸದಲ್ಲ, ಇಂಚು ಸೆಂಟ್ಸ್ ಲೆಕ್ಕದಲ್ಲಿ (ನೂರು ಸೆಂಟ್ಸ್‌ಗೆ ಒಂದು ಇಂಚು) ಮಳೆ ಬರೆದಿಡುವ ಮನೆಗಳು ಬೇಕಾದಷ್ಟಿವೆ. ಆದರೆ ಅವರು ನಲವತ್ತೊಂದು ವರ್ಷ ಒಂದು ದಿನವೂ ಬಿಡಲಿಲ್ಲ. ಬೆಳಿಗ್ಗೆ ಎಂಟೂವರೆಗೆ ಲಾಳಿಕೆ ಎತ್ತುವುದು, ಒಳಗಿನ ಬಾಟಲಿಯ ನೀರನ್ನು ಅಳತೆಯ ಗಾಜಿಗೆ ಸುರಿಯುವುದು, ಗಾಜನ್ನು ಕಣ್ಣಿನ ಮಟ್ಟಕ್ಕೆ ಹಿಡಿಯುವುದು, ಬರೆಯುವುದು. ಮಾಘದಲ್ಲಿ ಮಳೆಯೇ ಇಲ್ಲದ ದಿನವೂ ಹೋಗಿ ನೋಡಿ ಸೊನ್ನೆ ಬರೆಯುತ್ತಿದ್ದರು. ಪಕ್ಕದಲ್ಲಿ ಒಂದು ಸಣ್ಣ ಟಿಪ್ಪಣಿ. ‘ಮೊದಲ ಗುಡುಗು.’ ‘ತುಂಗೆ ಕೆಂಪಾಗಿದೆ.’ ‘ಕಪ್ಪೆ ಕೂಗಲಿಲ್ಲ.’ ಯಾರಿಗಾಗಿ ಬರೆಯುತ್ತೀರಿ ಎಂದು ಚಿಕ್ಕವಯಸ್ಸಿನಲ್ಲಿ ಕೇಳಿದ್ದೆ. ‘ಬಂದ ಮಳೆಯನ್ನು ಯಾರಾದರೂ ನೋಡಬೇಕಲ್ಲ’ ಎಂದಿದ್ದರು.

ಅವರು ಹೋದದ್ದು ಆಷಾಢದಲ್ಲಿ. ಸುದ್ದಿ ತಿಳಿದು ನಾನು ಹೋಗುವಷ್ಟರಲ್ಲಿ ಸಂಜೆ. ಮಾರನೆಯ ಬೆಳಿಗ್ಗೆ ಮನೆ ತುಂಬ ನೆಂಟರು, ಮಾತು, ಕಾಫಿ. ನಾನು ಎಂದಿನಂತೆ ಹೊರಗೆ ಬಂದೆ. ಮಳೆ ಸ್ವಲ್ಪ ಬಿಟ್ಟಿತ್ತು. ಮಾಪಕದ ಹತ್ತಿರ ಹೋಗಿ ಲಾಳಿಕೆ ಎತ್ತಿದೆ. ಹಿಂದಿನ ದಿನ ಯಾರೂ ಖಾಲಿ ಮಾಡಿರಲಿಲ್ಲ. ಗಾಜಿಗೆ ಸುರಿದು ಸುರಿದು ಅಳೆದೆ, 4 ಇಂಚು 35 ಸೆಂಟ್ಸ್. ಒಳಗೆ ಹೋಗಿ ಪುಸ್ತಕ ತೆರೆದು ಅವರ ಅಕ್ಷರದ ಕೆಳಗೆ ತಾರೀಖು ಹಾಕಿ ಬರೆದೆ. ಟಿಪ್ಪಣಿಯ ಜಾಗದಲ್ಲಿ ‘ಎರಡು ದಿನದ್ದು ಸೇರಿ’ ಎಂದು ಬರೆದೆ.